ಸುಜಯನ ಬಾಯಿಸಾಹೇಬ

ಸುಜಯ ನಮ್ಮ ಭೋಜ ಊರಿನ ಹುಡುಗ. ಹುಡುಗ ಎನ್ನುತ್ತೇನೆ, ಆದರೆ ನಲವತ್ತು ದಾಟಿದೆ, ಮದುವೆಯಾಗಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್. ಯಾರ ಕಬ್ಬು ಮೊದಲು ಕಡಿಯಬೇಕು, ಯಾರದು ಆಮೇಲೆ ಎಂದು ಪಾಳಿ ಹಚ್ಚುವುದು ಅವನ ಕೆಲಸ. ಹಂಗಾಮು ಶುರುವಾಯಿತೆಂದರೆ ಅವನ ಗಾಡಿ ಎಲ್ಲಿ ನಿಂತರೂ ಸುತ್ತ ಜನ. "ಸಾಹೇಬ್ರ, ನಮ್ಮ ಪಾಳಿ ಯಾವಾಗ್ರಿ?" ಅವನ ಅಪ್ಪನ ವಯಸ್ಸಿನವರೂ ಕೈಮುಗಿಯುತ್ತಿದ್ದರು. ಅವನು ಮಾತ್ರ ಯಾರ ಮನೆಯ ಚಹಾ ಕೂಡ ಕುಡಿದವನಲ್ಲ. ಅಪ್ಪ ತೀರಿಹೋದಾಗಿನಿಂದ ಮನೆಯಲ್ಲೂ ಅವನದೇ ಮಾತು. ತಂಗಿಯರ ಮದುವೆ, ಬೋರು ಹೊಡೆಸುವುದು, ಅವ್ವನ ಔಷಧ, ಎಲ್ಲಕ್ಕೂ ಅವನನ್ನೇ ಕೇಳಬೇಕು.

ಇಂಥವನು ದಿನಾ ಮಧ್ಯಾಹ್ನ ಒಂಟಿ ಮುದುಕಿಯಾದ ನನ್ನ ಹೊಲದ ಬದುವಿನಲ್ಲಿ, ಬೇವಿನ ಗಿಡದ ಕೆಳಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಮಾತಾಡುವ ಮೊದಲು ಚಪ್ಪಲಿ ಬಿಡುತ್ತಿದ್ದ. ತಲೆ ತಗ್ಗಿಸಿ "ಹೌದ್ರಿ", "ತಪ್ಪಾತ್ರಿ" ಎನ್ನುತ್ತಿದ್ದ. ನೋಡಿದವರೆಲ್ಲ ಅದು ಕಾರ್ಖಾನೆಯ ಚೇರಮನ್ನರ ಫೋನು ಎಂದೇ ತಿಳಿದರು. ಅವನಿಗೆ ಸಲಾಮು ಇನ್ನೂ ಹೆಚ್ಚಿತು. ನನಗೆ ಮಾತ್ರ ಸಂಶಯ. ಚೇರಮನ್ನರು ಬೈದರೆ ಯಾರ ಮುಖ ಹಾಗೆ ಬೆಳಗುತ್ತದೆ?

ಈ ಸಲ ನನ್ನ ಕಬ್ಬಿನ ಪಾಳಿ ಬಂದಿತ್ತು. ಇರುವುದೊಂದೇ ಪಟ್ಟಿ ಹೊಲ, ವರ್ಷದ ಊಟ ಅದರಲ್ಲೇ. ಆಗಲೇ ಹೂ ಬಿಡಲು ಹತ್ತಿತ್ತು. ಹೂ ಬಿಟ್ಟ ಕಬ್ಬು ನಿಂತಷ್ಟೂ ತೂಕ ಇಳಿಯುತ್ತದೆ. ಟ್ರ್ಯಾಕ್ಟರು ಬರಲೆಂದು ಬೇಲಿ ತೆಗೆದು ನಿಂತಿದ್ದೆ. ಕಬ್ಬು ಕಡಿಯುವ ಗ್ಯಾಂಗು ನನ್ನ ಹೊಲ ದಾಟಿ ದೊಡ್ಡ ರೈತ ಧರೆಪ್ಪನ ಹೊಲಕ್ಕೆ ಇಳಿಯಿತು. ಕೇಳಿದರೆ, "ಸಾಹೇಬ್ರು ಹೇಳ್ಯಾರ, ಮಾವಶಿ" ಎಂದ ಗ್ಯಾಂಗಿನ ಮುಕಾದಮ.

ಮಧ್ಯಾಹ್ನ ಸುಜಯ ಬೇವಿನ ಕಡೆ ಹೋಗದೆ ನನ್ನ ಅಂಗಳಕ್ಕೆ ಬಂದು ನೆಲದ ಮೇಲೆ ಕುಳಿತ.

"ಆಯಿ, ನಿನ್ನ ಪಾಳಿ ನಾ ಮಾರೀನಿ."

"ಯಾಕೋ? ಅವ್ವಗ ಆರಾಮ ಇಲ್ಲೇನು?"

"ಅವ್ವ ಗಟ್ಟಿ ಅದಾಳ."

ಆಮೇಲೆ ಎಲ್ಲ ಹೇಳಿದ. ಬೇವಿನ ಕೆಳಗಿನ ಫೋನು ಅಥಣಿ ಕಡೆಯ ನೀಲಮ ಎಂಬ ಹೆಂಗಸಿನದು. ಫೋನಿನಲ್ಲೇ ಗುರುತು, ಮುಖ ನೋಡಿಲ್ಲ. ಇವನು ಅವಳನ್ನು ಬಾಯಿಸಾಹೇಬ, ಅಂದರೆ ಒಡತಿ, ಎನ್ನಬೇಕು. ಅವಳು ಕೊಡು ಎಂದಾಗ ಇವನು ರೊಕ್ಕ ಕಳಿಸಬೇಕು. ರೊಕ್ಕವನ್ನೂ ತಗೊಂಡು, ಮೇಲೆ ಬೈಯಲೂ ಬೈಯುತ್ತಾಳೆ.

"ಅಂದ್ರ ಟೋಪಿ ಹಾಕ್ಯಾಳ ನಿನಗ."

"ಇಲ್ಲ ಆಯಿ. ಆಕಿ ಮೊದಲ ಹೇಳ್ಯಾಳ. ಪ್ರೀತಿ ಗೀತಿ ಕೇಳಬ್ಯಾಡ, ಸಿಗಂಗಿಲ್ಲ. ಮನಿ ಖರ್ಚ ಮುಟ್ಟಬ್ಯಾಡ, ಮಂದಿ ರೊಕ್ಕ ತರಬ್ಯಾಡ. ಸಾಕ ಅನಸಿದ್ರ ಸಾಕ ಅನ್ನು, ಅಲ್ಲಿಗೆ ಮುಗೀತು ಅಂತ."

"ಮತ್ತ ನಿನಗ ಅದರಾಗ ಸಿಗೂದರ ಏನೋ?"

"ಊರೆಲ್ಲ ನನ್ನ ಕೇಳತೈತಿ, ಏನ ಮಾಡೂನ್ರಿ ಅಂತ. ಆಕಿ ಒಬ್ಬಾಕಿ ಕೇಳಂಗಿಲ್ಲ. ಹೇಳತಾಳ." ಕಿವಿ ಕೆಂಪಾದವು. "ಗಂಡಸರಿಗೆ ಹೆಂಗಸರ ಮ್ಯಾಲ ಹೆಂಗ ಮನಸಾಗತೈತಿ, ನನಗ ಹಿಂಗ ಆಗತೈತಿ. ಕೊಟ್ಟ ಮ್ಯಾಲ ಹಗರ ಆಗತೀನಿ, ಹೊರಿ ಇಳಿಸಿದಂಗ."

ನಗು ಬರಲಿಲ್ಲ ನನಗೆ. ನಾನೂ ಬೀಡಿ ಕಟ್ಟಿದ ಕೂಲಿಯನ್ನೆಲ್ಲ ಗಂಡನ ಕೈಗೆ ಹಾಕಿದವಳೇ. ಹಾಕದಿದ್ದರೆ ಬಡಿತ ಬೀಳುತ್ತಿತ್ತು. ಒಂದು ದಿನವೂ ಹಗುರಾಗಲಿಲ್ಲ. ಆದರೂ ಗಂಡ ತೀರಿಹೋದ ಮೇಲೆ, "ಏಳ, ಚಹಾ ಇಡ" ಎನ್ನುವ ದನಿ ಇಲ್ಲದ ಮನೆಯಲ್ಲಿ ಎದ್ದು ಏನು ಮಾಡಬೇಕೆಂದು ತಿಳಿಯದೆ ಕುಳಿತದ್ದುಂಟು. ಹಾಗಾಗಿ ಇವನ ಆಸೆ ತಿಳಿಯಿತು. ಇವನು ತನಗೆ ಬೇಕಾಗಿ ಕೊಡುತ್ತಾನೆ, ಬೇಡವಾದರೆ ನಿಲ್ಲಿಸಬಹುದು. ನನಗೆ ಆ ದಾರಿ ಇರಲಿಲ್ಲ. ಆದರೆ ನನ್ನ ಕಬ್ಬು?

"ನಿಂದು ನೀ ಕೊಡು, ನಿನ್ನ ಖುಷಿ. ನನ್ನ ಯಾರ ಕೇಳಿದ್ರೋ?"

"ಅದ ತಪ್ಪಾತು. ಕೊಡಾಕ ನನ್ನ ಕಡೆ ಏನೂ ಉಳಿದಿರಲಿಲ್ಲ. ಇಲ್ಲ ಅಂದಿದ್ರ ಆಕಿ ಏನೂ ಅಂತಿರಲಿಲ್ಲ, ನನಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಧರೆಪ್ಪಣ್ಣ ಚೇರಮನ್ನಗ ಮುಟ್ಟಸು ಅಂತ ರೊಕ್ಕದ ಪಾಕೀಟ ಕೊಟ್ಟ. ತಗೊಂಡೆ. ಕಿಸೆದಾಗ ಐತಿ, ಕಳಿಸಿಲ್ಲ."

"ಹಿಂದಕ ಕೊಟ್ಟ ಬಿಡು. ಮುಗೀತಲ್ಲ."

"ಆಕೀಗೂ ಹೇಳಬೇಕು. ಹೇಳಿದ್ರ ನನ್ನ ಬಿಡತಾಳ."

"ಹಂಗಾರ ಹೇಳಬ್ಯಾಡ."

"ಆಕಿ ಮುಂದ ಸುಳ್ಳು ಹೇಳಿದ್ರ ನನ್ನ ಕಡೆ ಮತ್ತೇನ ಉಳೀತು, ಆಯಿ?"

ನನ್ನೆದುರೇ ಫೋನು ಹಚ್ಚಿದ. ಫೋನನ್ನು ಕಟ್ಟೆಯ ಮೇಲಿಟ್ಟು, ನನಗೂ ಕೇಳಲೆಂದು ಅದರ ದನಿ ದೊಡ್ಡದು ಮಾಡಿ ಮಾತಾಡಿದ. ಎಲ್ಲ ಹೇಳಿದ, ಏನೂ ಬಿಡಲಿಲ್ಲ. ಆ ಕಡೆ ಕುಕ್ಕರಿನ ಸೀಟಿ ಕೇಳುತ್ತಿತ್ತು. ನಾನು ಅಂದುಕೊಂಡಷ್ಟು ಗಡಸು ದನಿಯಲ್ಲ ಅವಳದು.

"ಮಂದಿ ರೊಕ್ಕ ತರಬ್ಯಾಡ ಅಂದಿದ್ದೆ ಇಲ್ಲೋ?"

"ಅಂದಿದ್ರಿ, ಬಾಯಿಸಾಹೇಬ."

"ಮುದುಕಿ ಹೊಟ್ಟಿ ಮ್ಯಾಲ ಹೊಡದು ನನಗ ತರಾಂವ ಇದ್ದಿ. ಹಿಂದಕ ಕೊಡು. ಬಾಯಿಸಾಹೇಬ ಅನ್ನೂದ ಇನ್ನ ಸಾಕ. ಈಗ ನೀಲಮ ಹೇಳಾಕತ್ತಾಳ, ತಿಳ್ಕೊ. ನನಗ ಮತ್ತ ಫೋನ ಮಾಡಬ್ಯಾಡ್ರಿ."

ಕೊನೆಗೆ ಬಂದ ಆ "ರಿ" ಅವನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಫೋನು ಆರಿದ ಮೇಲೂ ಅದರ ಮುಂದೆಯೇ ಕುಳಿತಿದ್ದ.

ಪಾಕೀಟು ಹಿಂದಕ್ಕೆ ಹೋಯಿತು. "ಯಾಕಪಾ, ಚೇರಮನ್ನಗ ಕಡಿಮಿ ಬಿತ್ತೇನು?" ಎಂದು ಧರೆಪ್ಪ ನಾಲ್ಕು ಮಂದಿಯ ಎದುರು ಕುಟುಕಿದ. ಮರುದಿನ ಗ್ಯಾಂಗು ನನ್ನ ಹೊಲಕ್ಕೆ ಬಂತು, ಕಬ್ಬು ಹೋಯಿತು.

ಸುಜಯ ಈಗಲೂ ಮಧ್ಯಾಹ್ನ ಬರುತ್ತಾನೆ. ಫೋನು ತೆಗೆಯುತ್ತಾನೆ, ನೋಡುತ್ತಾನೆ, ಕಿಸೆಗೆ ಹಾಕುತ್ತಾನೆ. ಮಾಡಬೇಡ ಎಂದಳಲ್ಲ, ಮಾಡುವುದಿಲ್ಲ. ಅವಳ ಮಾತು ಅದೊಂದೇ ಈಗ ಅವನ ಕಡೆ ಇರುವುದು. ಒಂದು ದಿನ ಅಂದ, "ಆಯಿ, ನೀನರ ನನಗ ಏನರ ಹೇಳ."

"ಹೋಗು, ಎಮ್ಮಿಗೆ ನೀರ ಕುಡಸು."

ಹೋದ. ಕುಡಿಸಿ, ಬಕೀಟು ಬೋರಲು ಹಾಕಿ ಬಂದು ಕುಳಿತ.

"ನೀ ಹೇಳೂದು ಬೇಡಿಕೊಂಡಂಗ ಇರತೈತಿ, ಆಯಿ."

"ಜೋರಲೆ ಹೇಳಲೇನು?"

"ಬ್ಯಾಡ. ಆಕಿ ಜೋರಲೆ ಹೇಳತಿರಲಿಲ್ಲ."