ಜಪಾನಿ ಕಾರಿಗೆ ಇನ್ನೊಂದೇ ಕೆಲಸ ಬಾಕಿ

ನಮ್ಮ ಮನೆಯವರು ಹೈದರಾಬಾದಿಗೆ ಹೋದದ್ದು ಒಂದು ಸಣ್ಣ ಕಾರು ತರಲು. ನಾಲ್ಕು ಬಾಗಿಲಿನದು, ಸುಮ್ಮನೆ ಬಿಳಿ ಬಣ್ಣದ್ದು, ಅಫಜಲಪುರದಿಂದ ಚೌಡಾಪುರದ ನನ್ನ ಶಾಲೆಗೆ ನಾನೇ ನಡೆಸಿಕೊಂಡು ಹೋಗಬಹುದಾದದ್ದು. ನಾನು, ಅವರು, ನಮ್ಮತ್ತೆ ಮೂವರೂ ಕೂತು ಹಾಗಂತ ಮಾತಾಡಿಕೊಂಡಿದ್ದೆವು. ಅವರು ತಂದದ್ದು ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡ, ಕಡುನೀಲಿ ಬಣ್ಣದ ಜಪಾನಿ ಕಾರು. ಯಾರೋ ಸಾಹುಕಾರರ ಮಗ ಅದನ್ನು ಹಡಗಿನಲ್ಲಿ ತರಿಸಿಕೊಂಡು, ಸ್ವಲ್ಪ ದಿನ ಹಾರಾಡಿ, ಬೇಸರ ಬಂದು ಮೂಲೆಗೆ ನಿಲ್ಲಿಸಿದ್ದನಂತೆ. ಮನೆಯವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಭೀಮಾ ದಂಡೆಯ ರೈತರ ಸುಟ್ಟ ಪಂಪುಗಳಿಗೆ ಜೀವ ತುಂಬುವುದು ಅವರ ಕಸುಬು. ಮೂಲೆಯಲ್ಲಿ ಬಿದ್ದ ಯಂತ್ರ ಕಂಡರೆ ಅವರ ಕರುಳು ಚುರುಕ್ ಅನ್ನುತ್ತದೆ. ನನ್ನ ಮುಖ ನೋಡಿ ಹಾಗೆ ಒಮ್ಮೆಯಾದರೂ ಅಂದದ್ದು ನನಗೆ ನೆನಪಿಲ್ಲ.

ಊರೊಳಗೆ ಬಂದ ದಿನವೇ ಅದು ಬಸ್‌ಸ್ಟ್ಯಾಂಡ್ ಮುಂದಿನ ಹಂಪ್ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತು. ಮುಂದಿನ ಗಾಲಿ ಆಚೆ, ಹಿಂದಿನ ಗಾಲಿ ಈಚೆ, ನಡುವೆ ನಮ್ಮವರು ಸ್ಟೀರಿಂಗ್ ಹಿಡಿದುಕೊಂಡು. ಚಹಾದಂಗಡಿಯಲ್ಲಿದ್ದವರು ಬಂದು ಎತ್ತಿ ಈಚೆ ಇಟ್ಟರು. ಎತ್ತಿದವರಲ್ಲಿ ಒಬ್ಬ ಹಿರಿಯರು ಕೈ ಝಾಡಿಸಿಕೊಳ್ಳುತ್ತ ಕೇಳಿದರು:

“ಎಷ್ಟು ಆವರೇಜ್ ಕೊಡ್ತದ್ರಿ ಇದು?”

ಒಂದು ಲೀಟರಿಗೆ ಎಷ್ಟು ಓಡುತ್ತದೆ ಎಂಬ ಈ ಪ್ರಶ್ನೆಯನ್ನು ನಮ್ಮ ಸೀಮೆಯಲ್ಲಿ ಯಾವ ಗಾಡಿಗೂ ತಪ್ಪದೆ ಕೇಳುತ್ತಾರೆ. ನಮ್ಮವರಿಗೆ ಅದು ಮದುಮಗಳ ತೂಕ ಕೇಳಿದಷ್ಟು ಅವಮಾನ. ಕಿಟಕಿ ಏರಿಸಿ ಸೀದಾ ಮನೆಗೆ ಬಂದರು.

ನಾನು ಬಾಗಿಲಲ್ಲೇ ನಿಂತಿದ್ದೆ. “ಇದನ್ನ ನಾ ನಡಸೋದೇನ್ರಿ?” ಅಂದೆ.

“ನಿನಗೇ ತಂದೇನಿ. ಒಂದೇ ಕೆಲಸ ಬಾಕಿ ಅದ. ಇದರ ಹೈಟ್ ಒಂದು ಎತ್ತರಿಸ್ತೇನಿ, ಆಮ್ಯಾಲ ನೀನೇ ನಡಸು.”

ಈ ಮಾತನ್ನು ನಂಬಿದೆ. ಹೊಸದರಲ್ಲಿ ಯಾರಾದರೂ ನಂಬುತ್ತಾರೆ.

ಬೇರೆ ಊರುಗಳಲ್ಲಿ ಇಂಥ ಕಾರುಗಳನ್ನು ಇನ್ನಷ್ಟು ನೆಲಕ್ಕೆ ಇಳಿಸಲು ಹುಡುಗರು ಒದ್ದಾಡುತ್ತಾರಂತೆ. ನಮ್ಮವರು ಏರಿಸುವುದರಿಂದಲೇ ಶುರು ಮಾಡಿದರು. ಸ್ಪ್ರಿಂಗ್ ಬದಲಾದವು. ಹೊಟ್ಟೆಯ ಕೆಳಗೆ ದಪ್ಪ ತಗಡು ಬಂತು. ಹೈಟ್ ಮುಗಿಯಿತು ಅನ್ನುವಷ್ಟರಲ್ಲಿ ತೊಗರಿ ರಾಶಿಯ ಕಾಲ ಬಂದು, ಗಾಳಿಯಲ್ಲೆಲ್ಲ ಹೊಟ್ಟು, ದೂಳು. ಜಪಾನಿ ಎಂಜಿನ್ನಿಗೆ ಉಬ್ಬಸ ಹತ್ತಿತು. ಅದರ ಉಸಿರಾಟದ ಡಬ್ಬಿಗೆ ದೂಳು ಸೋಸುವ ಎರಡನೇ ಜಾಳಿಗೆ ಬೇಕು, ಹತ್ತಿಯದು, ತೊಳೆದು ತೊಳೆದು ಮೆತ್ತಗಾದದ್ದು ಅಂದರು. ಮಾರನೇ ದಿನ ಹಗ್ಗದ ಮೇಲೆ ಒಣಗಲು ಹಾಕಿದ್ದ ನನ್ನ ಲಂಗ ಕಾಣಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಅಲ್ಲಿತ್ತು, ಅಂಚು ಮಡಚಿ ಛಂದಾಗಿ ಹೊಲಿದಿದ್ದರು.

ಆಮೇಲೆ ಬ್ರೇಕು. ಬ್ರೇಕಿನ ಹಿಂದೆ ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ. ಟರ್ಬೊ ಬಂದಮೇಲೆ ಕಿಟಕಿಯ ಕಂಬಕ್ಕೆ ಗುಂಡನೆಯ ಮೀಟರುಗಳು. ಅತ್ತೆ ಅವುಗಳಲ್ಲಿ ಒಂದರ ಮುಳ್ಳು ಕುಣಿಯುವುದನ್ನು ನೋಡಿ, “ಏನಪಾ, ಇದಕ್ಕೂ ಬಿಪಿ ಅದ ಏನು?” ಅಂದರು. “ಹಂಗೇ ತಿಳಕೊ ಅಮ್ಮೀ,” ಅಂದರು ಮಗರಾಯರು. ಗಾಳಿಯ ಒತ್ತಡ ತೋರಿಸುವ ಮೀಟರು ಅದು, ಅತ್ತೆ ಹೇಳಿದ್ದು ಖರೇನೇ ಇತ್ತು. ಹುಚ್ಚು ಬಿಡೋ ತನಕ ಮದುವೆ ಆಗೋದಿಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋದಿಲ್ಲ ಅಂತಾರಲ್ಲ, ಹಾಗಾಯಿತು ನನ್ನ ಕತೆ. ಕಾರು ಪೂರ್ತಿಯಾಗುವ ತನಕ ನನ್ನ ಕೈಗೆ ಬರುವುದಿಲ್ಲ, ಪೂರ್ತಿಯಾಗುವ ಲಕ್ಷಣವಂತೂ ಇಲ್ಲವೇ ಇಲ್ಲ.

ಹೀಗೇ ವರ್ಷಗಳು ಹೋದವು. ಅಷ್ಟು ವರ್ಷವೂ ನಾನು ಶಾಲೆಗೆ ಹೋದದ್ದು ಟಂಟಂ ಆಟೋದಲ್ಲಿ. ಡ್ರೈವರನ ಪಕ್ಕ ಅರ್ಧ ಕೂತು ಅರ್ಧ ಜೋತಾಡುತ್ತ, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಜೀವ. ಬೆಳಿಗ್ಗೆ ಮನೆಯಿಂದ ಹೊರಡುವಾಗ ತಾಡಪಾಲು ಹೊದ್ದು ಮಲಗಿದ ಆ ನೀಲಿ ಮಹಾರಾಣಿಯನ್ನು ದಾಟಿಕೊಂಡೇ ಹೋಗಬೇಕಿತ್ತು. ಸಿಟ್ಟು ಬರುತ್ತಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಆಸೆಯಾಗುತ್ತಿತ್ತು, ಅದು ನನ್ನ ಸಂಕಟ. ದ್ವೇಷಿಸುವಂಥ ಗಾಡಿಯಾಗಿದ್ದರೆ ಸುಲಭವಿತ್ತು. ಸಂಜೆ ಅವರು ಅದರ ಕೆಳಗೆ ಮಲಗಿ ಕೈ ಚಾಚಿದರೆ ನಾನೇ ಪಾನಾ ಕೊಡುತ್ತಿದ್ದೆ. ಯಾವ ಬೋಲ್ಟಿಗೆ ಯಾವ ಪಾನಾ ಎಂಬುದು ಅವರು ಕೇಳುವ ಮೊದಲೇ ನನ್ನ ಕೈಗೆ ಗೊತ್ತಿತ್ತು.

ಆ ಕಾರಿನಲ್ಲಿ ಒಬ್ಬಳು ಹೆಂಗಸೂ ಇದ್ದಳು. ಕೀಲಿ ತಿರುವಿದ ಕೂಡಲೇ ಜಪಾನಿ ಭಾಷೆಯಲ್ಲಿ, ಸಕ್ಕರೆಯಂಥ ದನಿಯಲ್ಲಿ ಏನೋ ಹೇಳುತ್ತಿದ್ದಳು. ನಾನು ಅವಳನ್ನು ಸವತಿ ಅಂತ ಕರೆದೆ. ಅತ್ತೆ ಮಾತ್ರ ಅದು ಪ್ರಯಾಣಕ್ಕೆ ಮುಂಚಿನ ದುವಾ ಅಂತ ತೀರ್ಮಾನಿಸಿ, ಅವಳು ಮುಗಿಸಿದ ಕೂಡಲೇ “ಆಮೀನ್” ಅನ್ನತೊಡಗಿದರು. ಒಂದು ಸಲ ನೆಂಟರ ಹುಡುಗಿ ಮೊಬೈಲಿಗೆ ಕೇಳಿಸಿ ಅರ್ಥ ತೆಗೆದಳು. ‘ಟೋಲ್ ಕಾರ್ಡ್ ಹಾಕಿಲ್ಲ’ ಅಂತಿದ್ದಳಂತೆ ಪಾಪ, ಇಷ್ಟು ವರ್ಷ, ದಿನಾ. ಅತ್ತೆ ಒಂದಿಷ್ಟೂ ಅಲುಗಲಿಲ್ಲ. “ಮಾತು ಏನರೆ ಇರ್ಲಿ, ನಿಯತ್ತು ಛಲೋ ಅದ,” ಅಂದರು. ಆಮೀನ್ ಮುಂದುವರಿಯಿತು.

ಒಂದು ಬೇಸಿಗೆ ರಜೆಗೆ ಆಳಂದದ ತವರಿಗೆ ಹೋದಾಗ ನನ್ನ ತಮ್ಮನ ಮಾಲು ಸಾಗಿಸುವ ಗಾಡಿಯಲ್ಲಿ ಡ್ರೈವಿಂಗ್ ಕಲಿಯಲು ಕೂತೆ. ಬಾಳೆಗೊನೆ ತುಂಬಿದ ಗಾಡಿಯಲ್ಲಿ ಗೇರು ಹಾಕಲು ಕಲಿತವರಿಗೆ ಯಾವುದೂ ಕಷ್ಟವಿಲ್ಲ. ಲೈಸೆನ್ಸ್ ತಂದು ಮನೆಯವರ ಕೈಯಲ್ಲಿಟ್ಟೆ. ಅವರಿಗೆ ಮನಸಾರೆ ಖುಷಿಯಾಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಪೇಡೆ ತರಿಸಿದರು. ಪೇಡೆ ತಿನ್ನುತ್ತಲೇ ಹೇಳಿದರು: “ಇನ್ನ ನಡಸೋದೇ. ಇದೊಂದು ಕ್ಲಚ್ ಹಾಕ್ತೇನಿ, ಆಮ್ಯಾಲ.”

ಕ್ಲಚ್ ಬಂತು. ಒತ್ತಿದರೆ ಬಾವಿಯಿಂದ ಕೊಡ ಎಳೆದಷ್ಟು ಭಾರ. ಅದರ ಬೆನ್ನಿಗೆ ಪುಣೆಯಿಂದ ಒಂದು ಸೀಟು ಬಂತು, ರೇಸಿನವರು ಕೂಡುವಂಥದ್ದು, ಚಿಪ್ಪಿನ ಹಾಗೆ. ಹಿಂದೆ ಮುಂದೆ ಸರಿಯುವುದಿಲ್ಲ, ಬೋಲ್ಟ್ ಹಾಕಿ ಬಿಗಿಯುವುದು. ಅವರು ಆರಡಿ ಆಳು, ತಮ್ಮ ಅಳತೆಗೆ ಬಿಗಿದರು. ನನ್ನ ಕಾಲು ಕ್ಲಚ್ಚಿಗೆ ಮುಟ್ಟುತ್ತದೋ ಇಲ್ಲವೋ ಎಂಬ ವಿಚಾರ ಅವರ ತಲೆಗೆ ಬರಲೇ ಇಲ್ಲ. ಕೆಟ್ಟ ಬುದ್ಧಿಯಿಂದಲ್ಲ. ಸೀಟು ನೋಡುವಾಗ ಅವರಿಗೆ ಸೀಟಷ್ಟೇ ಕಾಣುತ್ತದೆ.

ಒಮ್ಮೆ ಜೇವರ್ಗಿ ದಾಟಿ ಅಂದೋಲಾಕ್ಕೆ, ನಾದಿನಿಯ ಮನೆಗೆ, ಎಲ್ಲರೂ ಇದರಲ್ಲೇ ಹೋದೆವು. ಮುಂದೆ ಅತ್ತೆ, ಹಿಂದೆ ನಾನು. ಹಿಂದೆ ಸೀಟು ಇದೆ ಎಂದು ಜಪಾನಿನವರು ಹೇಳಿದ್ದಾರಂತೆ. ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಹೋದ ನಾನು ಇಳಿಯುವಾಗ ಮಡಚಿದ ಚಾಪೆ ಬಿಚ್ಚಿಕೊಂಡಂತೆ ಇಳಿದೆ. “ಹಿಂದಿನ ಸೀಟು ಸರಿ ಇಲ್ಲರಿ,” ಅಂದೆ. “ಹೋಗಲೇ, ಆರಾಮ ಅದ ಅದು,” ಅಂದರು. ಅವರು ಅಲ್ಲಿ ಕೂತು ನೋಡಿರಲಿಲ್ಲ.

ಹೋದ ಚಳಿಗಾಲದ ಒಂದು ಹುಣ್ಣಿಮೆ, ಭಾನುವಾರ. ಮನೆಯವರು ಯಾವುದೋ ರೇಡಿಯೇಟರ್ ಸಿಕ್ಕಿದೆಯೆಂದು ಹೈದರಾಬಾದಿಗೆ ಹೋಗಿದ್ದರು. ಅತ್ತೆಯ ತಂಗಿ, ಗಾಣಗಾಪುರದಲ್ಲಿ ಬಳೆ ಅಂಗಡಿ ಇಟ್ಟುಕೊಂಡು ಚೌಡಾಪುರದಲ್ಲಿ ಮನೆ ಮಾಡಿದವರು, ಉಮ್ರಾ ಯಾತ್ರೆ ಮುಗಿಸಿ ಬಂದಿದ್ದರು. ಬಂದವರನ್ನು ಬೇಗ ಹೋಗಿ ಕಾಣಬೇಕು, ಅವರ ಕೈಯಿಂದ ಖರ್ಜೂರ, ಝಮ್‌ಝಮ್ ನೀರು ತೆಗೆದುಕೊಳ್ಳಬೇಕು. ತಡವಾದರೆ ಸಂಬಂಧದಲ್ಲಿ ಅದು ಮದುವೆ ಮುಂಜಿವರೆಗೂ ನೆನಪಿರುವ ಮಾತು. ಅತ್ತೆ ಹೊಸ ಬುರ್ಖಾ ತೊಟ್ಟು ರಸ್ತೆಗೆ ಹೋಗಿ ನಿಂತರು. ಗಾಣಗಾಪುರಕ್ಕೆ ಹೋಗುವುದೂ ಚೌಡಾಪುರದ ಮೇಲೆಯೇ, ಅಲ್ಲಿಯ ಹುಣ್ಣಿಮೆ ಅಂದರೆ ಕೇಳಬೇಕೆ? ಬಂದ ಟಂಟಂಗಳೆಲ್ಲ ಮೇಲೆ ಕೆಳಗೆ ಭಕ್ತರನ್ನು ತುಂಬಿಕೊಂಡು ನಿಲ್ಲದೆ ಹೋದವು. ಬಸ್ಸಿನ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಬಿಸಿಲಿಗೆ ಕೆಂಪಾಗಿ ಹೊಳ್ಳಿ ಬಂದ ಅತ್ತೆ ಅಂಗಳದಲ್ಲಿ ನಿಂತು ತಾಡಪಾಲಿನ ಕಡೆಗೆ ನೋಡಿದರು.

“ಮನಿಯಾಗ ಗಾಡಿ ಇಟ್ಕೊಂಡು ನಾ ರಸ್ತಾದಾಗ ಕೈ ಮಾಡಾಕತ್ತೇನಿ. ನಿನ್ನ ಕಡಿ ಲೈಸೆನ್ಸ್ ಅದ ಅಲಾ?”

“ಅದ ಅಮ್ಮೀ. ಕ್ಲಚ್ಚಿಗೆ ಕಾಲು ಮುಟ್ಟಂಗಿಲ್ಲ.”

“ಮುಟ್ಟಂಗ ಮಾಡು. ಇಷ್ಟ ವರ್ಸ ಅವಂಗ ಪಾನಾ ಕೊಟ್ಟಿ, ಒಂದಿನ ನೀ ತಿರುವಿದರ ಏನಾಗ್ತದ?”

ಏನೂ ಆಗುವುದಿಲ್ಲ ಎಂದು ನನಗೆ ಆಗಲೇ ಹೊಳೆದದ್ದು. ಅತ್ತೆ ಮೊಬೈಲಿನ ಬೆಳಕು ಹಿಡಿದರು. ನಾನು ಸೀಟಿನ ಬೋಲ್ಟ್ ಬಿಚ್ಚಿದೆ, ಅದರ ಕೆಳಗಿನ ಕಬ್ಬಿಣದ ಪಟ್ಟಿಯಲ್ಲಿ ಮುಂದೆ ಇದ್ದ ತೂತುಗಳಿಗೆ ಸರಿಸಿ ಬಿಗಿದೆ. ಬೆನ್ನಿಗೆ ಇನ್ನೂ ಖಾಲಿ ಉಳಿಯಿತು. ಅತ್ತೆ ಒಳಗೆ ಹೋಗಿ ತಾವು ಹೊದೆಯುವ ಕೌದಿ ತಂದು, ಮಡಚಿ ನನ್ನ ಬೆನ್ನ ಹಿಂದೆ ತುರುಕಿದರು. ಆ ಕಾರಿಗೆ ನನ್ನ ಕೈಯಿಂದ ಆದ ಮಾಡಿಫಿಕೇಶನ್ ಅದೊಂದೇ.

ಅಂಗಳ ದಾಟುವುದರೊಳಗೆ ಕಾರು ಮೂರು ಸಲ ಬಂದ್ ಬಿತ್ತು. ಮೂರು ಸಲವೂ ಸವತಿ ಕಾರ್ಡ್ ಹಾಕಿಲ್ಲ ಅಂದಳು, ಮೂರು ಸಲವೂ ಅತ್ತೆ ಆಮೀನ್ ಅಂದರು. ಕ್ಲಚ್ ಒತ್ತಿ ಒತ್ತಿ ನನ್ನ ಎಡಗಾಲು ನಡುಗುತ್ತಿತ್ತು. ಊರು ದಾಟಿದಮೇಲೆ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು, ಎರಡು ಟ್ರಾಲಿ, ತಲೆತುಂಬ ಕಬ್ಬು, ಊರಿಗೆಲ್ಲ ಕೇಳುವಂತೆ ಹಾಡು. ಎದುರಿಗೆ ರಸ್ತೆ ಖಾಲಿ. ಗೇರು ಇಳಿಸಿ ಆಕ್ಸಿಲರೇಟರಿಗೆ ಕಾಲು ಊರಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಬಿಪಿ ಮೀಟರಿನ ಮುಳ್ಳು ಎದ್ದಿತು, ಹಿಂದಿನಿಂದ ಯಾರೋ ಎರಡೂ ಕೈಯಿಂದ ದೂಡಿದ ಹಾಗೆ ಕಾರು ನೆಗೆಯಿತು. ಟ್ರ್ಯಾಕ್ಟರು, ಟ್ರಾಲಿ, ಹಾಡು ಎಲ್ಲ ಹಿಂದೆ ಬಿದ್ದವು. “ಯಾ ಅಲ್ಲಾ!” ಅಂದರು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ, “ಇನ್ನೊಂದು ಟ್ರ್ಯಾಕ್ಟರ್ ಬರ್ತದೇನು ನೋಡು,” ಅಂದರು. ನಾನು ಜೋರಾಗಿ ನಕ್ಕುಬಿಟ್ಟೆ. ಅಷ್ಟು ಸಂತೋಷ ನನಗೆ ಸರ್ಕಾರಿ ನೌಕರಿಯ ಆರ್ಡರ್ ಬಂದಾಗಲೂ ಆಗಿರಲಿಲ್ಲ.

ಖರ್ಜೂರ ತಿಂದು, ಝಮ್‌ಝಮ್ ಕುಡಿದು, ಸಂಜೆ ಹೊರಟೆವು. ಚೌಡಾಪುರದ ಕ್ರಾಸಿನಲ್ಲಿ, ಹುಣ್ಣಿಮೆಯ ಗದ್ದಲದ ನಡುವೆ, ಹೆಗಲಿಗೆ ರೇಡಿಯೇಟರಿನ ಡಬ್ಬಿ ಹೊತ್ತು ಒಬ್ಬ ಎತ್ತರದ ಮನುಷ್ಯ ಟಂಟಂಗೆ ಕೈ ಮಾಡುತ್ತ ನಿಂತಿದ್ದ. ನಮ್ಮ ಮನೆಯವರೇ. ಕಲಬುರಗಿಯಲ್ಲಿ ಊರಿನ ಬಸ್ಸು ಸಿಗದೆ, ಗಾಣಗಾಪುರದ ಬಸ್ಸು ಹತ್ತಿ ಈ ಕ್ರಾಸಿನಲ್ಲಿ ಇಳಿದಿದ್ದರು. ಕಾರು ಕಾಣುವ ಮೊದಲೇ ಅದರ ದನಿ ಕೇಳಿ ತಿರುಗಿದ್ದರು.

ಹತ್ತಿರ ಹೋಗಿ ನಿಲ್ಲಿಸಿದೆ. ಬೈಗುಳಕ್ಕೆ ತಯಾರಾಗಿಯೇ ಇದ್ದೆ, ತಿರುಗಿ ಬೈಯಲು ಮಾತೂ ಜೋಡಿಸಿಕೊಂಡಿದ್ದೆ. ಅವರು ಕಿಟಕಿಗೆ ಬಗ್ಗಿದರು. ಸೀಟು ನೋಡಿದರು, ಕೌದಿ ನೋಡಿದರು, ನನ್ನ ಕಾಲು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇರೇನೋ ಇತ್ತು.

“ಹೊಳ್ಳಿ ಹೋಗಿ ಇನ್ನೊಮ್ಮೆ ಬಾ,” ಅಂದರು.

“ಯಾಕ್ರೀ?”

“ಇದು ಹೋಗೋದು ನಾ ನೋಡೇ ಇಲ್ಲ. ಯಾವಾಗ್ಲೂ ಒಳಗ ಇರ್ತೇನಿ.”

ಇಷ್ಟು ವರ್ಷ ಅದರ ಒಂದೊಂದು ಮೊಳೆ ಮುಟ್ಟಿದ ಮನುಷ್ಯ, ತನ್ನ ಕಾರು ರಸ್ತೆಯ ಮೇಲೆ ಓಡುವುದನ್ನು ಹೊರಗೆ ನಿಂತು ಒಂದು ಸಲವೂ ಕಂಡಿರಲಿಲ್ಲ. ಕಾಣಬೇಕಾದರೆ ಬೇರೆ ಯಾರಾದರೂ ನಡೆಸಬೇಕಿತ್ತು. ಹಾಳಾದ್ದು, ಬೈಯಲು ಇಟ್ಟುಕೊಂಡ ಮಾತೆಲ್ಲ ಮರೆತುಹೋಯಿತು. ಹೋದೆ, ದೂರದಲ್ಲಿ ಹೊಳ್ಳಿಸಿಕೊಂಡೆ, ಗೇರು ಏರಿಸುತ್ತ ಬಂದೆ. ಕ್ರಾಸಿನ ಆಚೆ ಮಗ್ಗುಲಿಗೆ ಅವರು ಡಬ್ಬಿ ಕೆಳಗಿಟ್ಟು, ಕೈಕಟ್ಟಿ, ಬಾಯಿ ತೆರೆದುಕೊಂಡು ನಿಂತಿದ್ದರು. ಶಾಲೆಯ ಮುಂದೆ ಮಗು ಓಡುವುದನ್ನು ನೋಡುವ ಅಪ್ಪಂದಿರು ಹಾಗೆ ನಿಲ್ಲುತ್ತಾರೆ.

ಆಮೇಲೆ ಹಿಂದೆ ಕೂತರು. ಆರಡಿ ಆಳು, ತೊಡೆಯ ಮೇಲೆ ರೇಡಿಯೇಟರು, ತಲೆ ಒಂದು ಕಡೆ ವಾಲಿಸಿಕೊಂಡು. ಅರ್ಧ ದಾರಿಗೆ ನರಳಿದರು: “ಈ ಸೀಟು ಸರಿ ಇಲ್ಲ ಲೇ.”

“ಆರಾಮ ಅದ ಅದು,” ಅಂದರು ಮುಂದೆ ಕೂತ ಅತ್ತೆ.

ಅಫಜಲಪುರದ ದೀಪಗಳು ಕಂಡವು. “ಇನ್ನ ನನಗ ಕೊಡು. ಊರಾಗ ಗದ್ದಲ ಇರ್ತದ,” ಅಂದರು ಹಿಂದಿನಿಂದ.

“ಕೊಡ್ತೇನ್ರಿ. ಒಂದೇ ಕೆಲಸ ಬಾಕಿ ಅದ. ಇದೊಂದು ಹಂಪ್ ದಾಟಸ್ತೇನಿ, ಆಮ್ಯಾಲ ನೀವೇ ನಡಸ್ರಿ.”

ಬಸ್‌ಸ್ಟ್ಯಾಂಡ್ ಮುಂದಿನ ಹಂಪಿಗೆ ಕಾರನ್ನು ಓರೆಯಾಗಿ ತಂದು, ಒಂದೊಂದೇ ಗಾಲಿ ಹತ್ತಿಸಿ ಇಳಿಸಿದೆ. ಅವರು ಉಸಿರು ಹಿಡಿದದ್ದು ನನಗೆ ಕೇಳಿಸಿತು. ತಗಡು ಎಲ್ಲೂ ತಾಗಲಿಲ್ಲ. ದಾಟಿದಮೇಲೆ ನಾನು ನಿಲ್ಲಿಸಲಿಲ್ಲ, ಅವರೂ ಕೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಏಳುವಷ್ಟರಲ್ಲಿ ಅವರು ಕಾರಿನ ಕೆಳಗೆ ಮಲಗಿದ್ದರು. ರೇಡಿಯೇಟರು ಡಬ್ಬಿಯಲ್ಲೇ ಇತ್ತು. ಕೈ ಚಾಚಿದರು, ನಾನು ಪಾನಾ ಕೊಟ್ಟೆ.

“ಏನ್ ಮಾಡಾಕತ್ತೀರಿ?” ಅಂದೆ.

“ಕ್ಲಚ್ ಹಗುರ ಮಾಡಾಕತ್ತೇನಿ,” ಅಂದರು ಕೆಳಗಿನಿಂದ. “ನಿನ್ನ ಸಾಲಿ ಎಷ್ಟಕ್ಕ ಅದ?”