ಕಾಗೆಬಂಗಾರ

ಹೊಸನಗರದಲ್ಲಿ ನಮಗೆ ಭೂವಿಜ್ಞಾನ ಕಲಿಸಿದ ಮೇಡಂ ಯಾವ ಕಲ್ಲು ಕಂಡರೂ, "ಮೊದ್ಲು ಗೀರಿ ನೋಡಾಣ" ಎನ್ನುತ್ತಿದ್ದರು. ಅದಕ್ಕೆಂದೇ ಹೆಬ್ಬೆರಳಿನ ಉಗುರು ಉದ್ದ ಬಿಟ್ಟಿದ್ದರು.

ನಮ್ಮ ಪಕ್ಕದ ಮನೆಯವರು ತೋಡಿಸುತ್ತಿದ್ದ ಬಾವಿಯಲ್ಲಿ ಒಮ್ಮೆ ಹೊಂಬಣ್ಣದ ಚೂರುಗಳು ಮಿನುಗಿದವು. ಚಿನ್ನವೆಂದು ನಂಬಿದ ಯಜಮಾನರು ಕೆಲಸ ನಿಲ್ಲಿಸಿ ಕಾವಲು ಕೂತರು. ಹೊಳೆಯಿಂದ ನೀರು ಹೊತ್ತು ಸಾಕಾದ ಅವರ ಹೆಂಡತಿ ಮೇಡಂ ಅವರನ್ನು ಕರೆತಂದರು.

ಮೇಡಂ ಗೀರಿದ ಚೂರು ಪದರ ಪದರವಾಗಿ ಎದ್ದುಬಂತು. "ಇದು ಕಾಗೆಬಂಗಾರ ಕಣ್ರೀ, ಬರೀ ಅಭ್ರಕ," ಎಂದರು.

ಯಜಮಾನರ ಮುಖ ಸಪ್ಪಗಾಯಿತು. ಹೆಂಡತಿ ಮಾತ್ರ ನಕ್ಕು, "ಸದ್ಯ, ಚಿನ್ನ ಆಗ್ಲಿಲ್ಲ. ಇನ್ನಾದ್ರೂ ನಂಗೆ ನೀರು ಸಿಗ್ತದೆ," ಎಂದು ಅಲ್ಲಿಂದಲೇ ಕೆಲಸದವರಿಗೆ ಫೋನ್ ಮಾಡಿದರು.

ಬಾವಿಯಲ್ಲಿ ನೀರು ಬಂದಾಗ ಮೊದಲ ಕೊಡ ಮೇಡಂ ಮನೆಗೆ ಹೋಯಿತು. ಹೊತ್ತು ತಂದವರು ಯಜಮಾನರೇ.