ಪರೀಕ್ಷೆಯ ದಿನ ಬಾರದ ಏಳು ಮಕ್ಕಳು

ಲಂಡನ್ನಿಗೆ ಬಂದ ಎಂಟನೇ ತಿಂಗಳು, ಇಲ್ಲಿನ ಶಾಲೆಯೊಂದರಲ್ಲಿ ನನ್ನದೇ ಹಳೆಯ ಕಳ್ಳತನ ನನಗೆ ಎದುರಾಯಿತು. ಓದಿನಲ್ಲಿ ಹಿಂದುಳಿದವರಿಗೆ ನಡೆಸಿದ ವಿಶೇಷ ತರಗತಿಯಿಂದ ಉಪಯೋಗವಾಗಿದೆಯೇ ಎಂದು ಅಳೆಯುವ ಸಂಶೋಧನೆಯಲ್ಲಿ ನಾನು ಸಹಾಯಕಿ. ಪರೀಕ್ಷೆಯ ದಿನ ಏಳು ಕುರ್ಚಿ ಖಾಲಿ ಇದ್ದವು. ಆ ಮಕ್ಕಳನ್ನು ತೋಟ ನೋಡಲು ಕಳಿಸಿದ್ದೇವೆ ಎಂದು ಟೀಚರ್ ನಕ್ಕರು. ಪಟ್ಟಿ ನೋಡಿದೆ. ಏಳೂ ಮಕ್ಕಳು ಹಿಂದಿನ ಪರೀಕ್ಷೆಯಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಪಡೆದವರು.

ಧಾರವಾಡದ ಹತ್ತಿರ ಒಂಬತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಮೌಲ್ಯಮಾಪನದ ತಂಡ ಬರುತ್ತದೆಂದರೆ ಓದಲು ಬಾರದವರನ್ನು ಹಿಂದಿನ ದಿನವೇ ಕರೆದು, ನಾಳೆ ಮನೆಯಲ್ಲಿರಿ ಎನ್ನುತ್ತಿದ್ದೆವು. "ನಾ ಏನ್ ತಪ್ಪ್ ಮಾಡೀನ್ರಿ ಟೀಚರ?" ಎಂದು ರತ್ನವ್ವ ಎಂಬ ಹುಡುಗಿ ಕೇಳಿದ್ದಳು. ಶಾಲೆಗೆ ಒಳ್ಳೆಯ ಹೆಸರು ಬಂತು. ರತ್ನವ್ವ ಮತ್ತೆ ಶಾಲೆಗೆ ಬರಲೇ ಇಲ್ಲ.

ಅಲ್ಲಿ ಹೆಡ್ ಮಾಸ್ತರು ಗದರಿಸಿ ಬಾಯಿ ಮುಚ್ಚಿಸುತ್ತಿದ್ದರು. ಇಲ್ಲಿ ಖಾಲಿ ಕುರ್ಚಿಗಳ ವಿಷಯ ತಿಳಿಸಿದಾಗ ನನ್ನ ಮೇಲಿನವರಾದ ಹೆಲೆನ್ ಚಹಾ ಕೊಟ್ಟು, ಕ್ಷಮೆ ಕೇಳಿ, ಅದನ್ನು ವರದಿಯ ಅಡಿಟಿಪ್ಪಣಿಗೆ ಹಾಕು ಎಂದರು. ತರಗತಿ ಯಶಸ್ವಿ ಎಂದು ವರದಿಯಾದರೆ ಆ ಏಳು ಮಕ್ಕಳಿಗೆ ಬೇರೆ ನೆರವು ಸಿಗುವುದಿಲ್ಲ. ಎಲ್ಲರೆದುರು ಹೇಳಿದರೆ ಮಾರ್ಚಿಗೆ ಮುಗಿಯುವ ನನ್ನ ಕೆಲಸ ಮುಂದುವರಿಯುವುದಿಲ್ಲ. ಹೌನ್ಸ್ಲೋದ ನಮ್ಮ ಫ್ಲ್ಯಾಟಿನಲ್ಲಿ ಗೋಡೆಗೆ ಬೂಷ್ಟು ಹಿಡಿದಿದೆ. ಗಂಡ ವಿಮಾನ ನಿಲ್ದಾಣದ ಪಾಳಿ ಮುಗಿಸಿ ಬರುವಾಗ ನಾನು ಬಸ್ಸಿಗೆ ಓಡುತ್ತಿರುತ್ತೇನೆ. ಮಾತಾಡಲೂ ಜನವಿಲ್ಲದೆ ನಾಲ್ಕು ದಿನ ಒದ್ದಾಡಿದೆ.

ಶಿಕ್ಷಣ ಸಂಶೋಧಕರ ಸಮ್ಮೇಳನವೊಂದರಲ್ಲಿ ನಮ್ಮ ಕೆಲಸದ ಬಗ್ಗೆ ಮಾತಾಡಲು ನನಗೆ ಹದಿನೈದು ನಿಮಿಷ ಕೊಟ್ಟಿದ್ದರು. ಏಳು ಮಕ್ಕಳ ವಿಷಯ ಹೇಳಿಬಿಟ್ಟೆ. ಖಾಲಿ ಕುರ್ಚಿಗಳ ಗುಟ್ಟು ನನಗೆ ಹೇಗೆ ಗೊತ್ತಾಯಿತೆಂದು ತಿಳಿಸಲು ರತ್ನವ್ವನ ಕಥೆಯನ್ನೂ ಹೇಳಿದೆ. ಹಲವರು ಪೆನ್ನು ತೆಗೆದು ಬರೆದುಕೊಂಡರು. ಗೆದ್ದೆ ಅಂದುಕೊಂಡೆ.

ಆಮೇಲೆ ಪ್ರಶ್ನೆಗಳು ಬಂದವು. ಭಾರತದ ಹಳ್ಳಿಗಳಲ್ಲಿ ಇದು ಎಷ್ಟು ಸಾಮಾನ್ಯ? ಅಲ್ಲಿ ಹೆಣ್ಣುಮಕ್ಕಳನ್ನೇ ಹೊರಗಿಡುತ್ತಾರೆಯೇ? ನಾನು ಹೇಳುತ್ತಿರುವುದು ಲಂಡನ್ನಿನ ಶಾಲೆಯ ಬಗ್ಗೆ ಎಂದು ಎರಡು ಸಲ ಹೇಳಿದೆ. ಅಧ್ಯಕ್ಷರು ಗಡಿಯಾರ ನೋಡಿ, ನನ್ನ ಧೈರ್ಯವನ್ನು ಹೊಗಳಿ, ಮುಂದಿನವರನ್ನು ಕರೆದರು. ಏಳು ಮಕ್ಕಳ ಬಗ್ಗೆ ಒಬ್ಬರೂ ಕೇಳಲಿಲ್ಲ.

ಚಹಾದ ಹೊತ್ತಿಗೆ ಸುಧಕ್ಕ ಬಂದರು. ಧಾರವಾಡದವರೇ. ಗಂಡ ಇಲ್ಲಿ ಡಾಕ್ಟರು, ಸ್ಟ್ಯಾನ್ಮೋರ್‌ನಲ್ಲಿ ದೊಡ್ಡ ಮನೆ. ಸುಧಕ್ಕ ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ.

"ಏನ್ ತಂಗಿ, ಇಷ್ಟ್ ಮಂದಿ ಮುಂದ ನಮ್ಮ ಸಾಲಿ ಮಾನ ಕಳೀಬೇಕಿತ್ತೇನು?"

"ಇವರದನ್ನ ತೋರ್ಸಬೇಕಂತ ಹೇಳಿದೆ, ಅಕ್ಕಾ."

"ಇವರು ಕೇಳಿದ್ದು ನಮ್ಮದಷ್ಟ. ಮೂವತ್ತ್ ವರ್ಷ ಇವರ ನಡುವ ಬಾಯಿ ಬಿಗಿಹಿಡಕೊಂಡ್ ಇದ್ದೀನಿ. ಸುಮ್ಮನ ಅಂತ ತಿಳದಿಯೇನು?"

ಸಿಟ್ಟು ಬಂತು. ಅವರು ಹೇಳಿದ್ದು ನಿಜ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು.

ವರದಿ ಹೊರಬಂದಿದೆ. ತರಗತಿ ಯಶಸ್ವಿಯಂತೆ, ಏಳು ಮಕ್ಕಳು ಅಡಿಟಿಪ್ಪಣಿಯಲ್ಲಿದ್ದಾರೆ. ನನ್ನ ಕೆಲಸ ಮಾತ್ರ ಹೋಗಲಿಲ್ಲ. ಹೆಲೆನ್ ಖುಷಿಯಿಂದ ಹೊಸ ಕರಾರುಪತ್ರ ಮುಂದಿಟ್ಟರು. ಎರಡು ವರ್ಷದ ಕೆಲಸ, ಭಾರತದ ಶಾಲೆಗಳು ಮೌಲ್ಯಮಾಪನದಲ್ಲಿ ಹೇಗೆ ಮೋಸ ಮಾಡುತ್ತವೆ ಎಂಬ ವಿಷಯ. ಸಹಿ ಹಾಕಿದೆ. ಈ ಊರಲ್ಲಿ ಉಳಿಯಲು ನನಗೆ ಆ ಊರೇ ಬೇಕು, ಅದೂ ಅದರ ಕೊಳಕು ಮಾತ್ರ.